ಟಾರ್ಚಮ್ಮನ ಬಾಗಿಲೂ ಚಂದ್ರನ ಗಾಳಿಯೂ

ತಾರಾಲಯದ ಬಾಗಿಲು ಕಾಯುವ ಹೆಂಗಸನ್ನು ಎಲ್ಲರೂ ಕರೆಯುವುದು ಟಾರ್ಚಮ್ಮ ಎಂದೇ. ಕತ್ತಲ ಗುಮ್ಮಟದೊಳಗೆ ಟಾರ್ಚು ಹಿಡಿದು ಜನರನ್ನು ಕುರ್ಚಿ ಮುಟ್ಟಿಸುವುದು, ಗಲಾಟೆ ಮಾಡಿದವರಿಗೆ "ಶ್!" ಎನ್ನುವುದು, ನಡುವೆ ಗ್ರಹಗಳ ಬಗ್ಗೆ ಭಾಷಣ ಮಾಡುವ ಮೇಷ್ಟ್ರಿಗೆ ಒಂದು ಲೋಟ ನೀರು ಕೊಡುವುದು, ಇಪ್ಪತ್ತೆರಡು ವರ್ಷದಿಂದ ಇಷ್ಟೇ ಕೆಲಸ. ಆದರೆ ಕಿವಿಗೆ ಬೀಗ ಹಾಕಲಾದೀತೇ? ಮೇಷ್ಟ್ರ ಭಾಷಣವೆಲ್ಲ ಅವಳಿಗೆ ಬಾಯಿಪಾಠ. ಒಂದೇ ಒಂದು ಸಲ ಆ ಮೈಕು ತನ್ನ ಕೈಗೂ ಬರಲಿ ಎಂಬ ಆಸೆ ಹೊಟ್ಟೆಯೊಳಗೇ ಇತ್ತು. ಯಾರ ಹತ್ತಿರ ಹೇಳಿಕೊಂಡಾಳು, ಪಾಪ!

ಅವತ್ತು ಇನ್ನೂರು ಮಕ್ಕಳು ಬಸ್ಸಿಳಿದು ಬಂದು ಒಳಗೆ ಕೂತಾಗಿತ್ತು. ಸರಿಯಾಗಿ ಆಗಲೇ ಮೇಷ್ಟ್ರ ಗಂಟಲು ಕೈಕೊಟ್ಟಿತು. ಬಾಯಿ ತೆರೆದರೆ ಬರೀ ಉಸಿರು. ಮಕ್ಕಳನ್ನು ವಾಪಸ್ ಕಳಿಸೋದೇ ಎಂದು ಅವರು ಕೈಸನ್ನೆ ಮಾಡಿದರು.

"ಅಯ್ಯೋ, ಆ ಮುಖಗಳನ್ನ ನೋಡಿ ಸಾರ್! ನಾನೇ ಹೇಳ್ತೀನಿ," ಎಂದುಬಿಟ್ಟಳು ಟಾರ್ಚಮ್ಮ. ಮೇಷ್ಟ್ರು ಅರೆಮನಸ್ಸಿನಿಂದ ಮೈಕು ಕೊಟ್ಟು, ಗುಮ್ಮಟದ ಮೇಲೆ ಗ್ರಹಗಳನ್ನು ತೋರಿಸುವ ಯಂತ್ರದ ಮುಂದೆ ಕೂತರು.

ಶುರುವಾಯಿತು ನೋಡಿ! ಬುಧ, ಶುಕ್ರ, ಭೂಮಿ, ಒಂದಕ್ಷರ ತಪ್ಪಿಲ್ಲ. ಚಂದ್ರನ ಹತ್ತಿರ ಬಂದು, "ಇಲ್ಲಿ ಗಾಳಿ ಇಲ್ಲವೆಂದೇ ಹೇಳಬೇಕು. ಟಾರ್ಚಮ್ಮಾ, ಒಂದ್ ಲೋಟ ನೀರು ಕೊಡಮ್ಮ," ಎಂದುಬಿಟ್ಟಳು. ಮೇಷ್ಟ್ರು ದಿನವೂ ಅಲ್ಲೇ ನೀರು ಕೇಳುತ್ತಿದ್ದರು. ಅದೂ ಬಾಯಿಪಾಠದೊಳಗೆ ಸೇರಿಕೊಂಡಿತ್ತು! ಮಕ್ಕಳು ಬಿದ್ದು ಬಿದ್ದು ನಕ್ಕರು. ನಾಚಿಕೆಗೆ ಅವಳಿಗೆ ಮುಂದಿನದೆಲ್ಲ ಮರೆತೇಹೋಯಿತು.

ನಗುವಿನ ನಡುವೆ ಕತ್ತಲಿಂದ ಒಂದು ಹುಡುಗಿಯ ದನಿ ಬಂತು: "ಆಂಟಿ, ಚಂದ್ರನಲ್ಲಿ ಗಾಳಿ ಯಾಕಿಲ್ಲ?"

ಭಾಷಣದಲ್ಲಿ ಅದಿರಲಿಲ್ಲ. ಹಿಂದೊಮ್ಮೆ ಊಟದ ಹೊತ್ತಿನಲ್ಲಿ ಅವಳೇ ಇದನ್ನು ಕೇಳಿದ್ದಳು, ಮೇಷ್ಟ್ರು ಬಿಡಿಸಿ ಹೇಳಿದ್ದರು. ಈಗ ಅವರ ಮಾತುಗಳು ನಾಲಿಗೆಗೆ ಬರಲಿಲ್ಲ. ನೆನಪಾದದ್ದು ತನ್ನ ಬಾಗಿಲು.

"ನೋಡು ಮಗಳೇ, ಗಾಳಿಯ ಕಣಗಳು ನಿಮ್ಮ ಹಾಗೇ, ಒಂದು ಕಡೆ ನಿಲ್ಲೋದಿಲ್ಲ. ಬಿಸಿ ಆದಷ್ಟೂ ಓಟ ಜಾಸ್ತಿ. ಬಾಗಿಲಲ್ಲಿ ನಾನು ಗಟ್ಟಿಯಾಗಿ ಕೈ ಹಿಡ್ಕೊಂಡ್ರೆ ನಿಲ್ತೀರಿ. ಹಿಡಿತ ಸಡಿಲ ಆಯ್ತೋ, ಪರಾರಿ! ಗ್ರಹಗಳು ಹಿಡ್ಕೊಳ್ಳೋದು ಸೆಳೆತದಿಂದ. ಚಂದ್ರನ ಸೆಳೆತ ಭೂಮಿಯದ್ದರಲ್ಲಿ ಆರನೇ ಒಂದು ಪಾಲು. ಹಗಲಲ್ಲಿ ಕಾವು ಬೇರೆ. ಸೂರ್ಯನಿಂದ ರಭಸವಾಗಿ ಬರೋ ಕಣಗಳೂ ಇದ್ದಬದ್ದ ಗಾಳೀನ ತಳ್ಕೊಂಡು ಹೋಗ್ತವೆ. ಇನ್ನೆಲ್ಲಿ ಉಳಿಯುತ್ತೆ? ಬುಧನ ಕಥೆಯೂ ಅದೇ, ಅವನೂ ಸಣ್ಣವನೇ, ಸಾಲದ್ದಕ್ಕೆ ಸೂರ್ಯ ಅನ್ನೋ ಒಲೆ ಪಕ್ಕದಲ್ಲೇ ಕೂತಿದ್ದಾನೆ!"

"ಹಾಗಾದ್ರೆ ನಮ್ಮ ಗಾಳಿನೂ ಹೋಗ್ಬಿಡುತ್ತಾ?"

"ಬಲೂನಿಗೆ ತುಂಬೋ ಹಗುರ ಅನಿಲ ಚೂರುಚೂರೇ ಹೋಗುತ್ತೆ. ನಾವು ಉಸಿರಾಡೋ ಗಾಳಿ ಅದಕ್ಕಿಂತ ಭಾರ, ಭೂಮಿಯ ಹಿಡಿತವೂ ಗಟ್ಟಿ. ನೀನು ಧೈರ್ಯವಾಗಿ ಉಸಿರಾಡು!"

ಚಪ್ಪಾಳೆಯೋ ಚಪ್ಪಾಳೆ. ಅಷ್ಟರಲ್ಲಿ ಕತ್ತಲಲ್ಲಿ ಒಂದು ಟಾರ್ಚಿನ ಬೆಳಕು ಮೆಟ್ಟಿಲು ಹುಡುಕುತ್ತ ಅವಳ ಕಡೆಗೆ ಬಂತು. ನೋಡಿದರೆ ಮೇಷ್ಟ್ರು! ಒಂದು ಕೈಯಲ್ಲಿ ಅವಳ ಟಾರ್ಚು, ಇನ್ನೊಂದರಲ್ಲಿ ನೀರಿನ ಲೋಟ.

"ತಗೊಳಮ್ಮ," ಎಂದರು, ಇಲ್ಲದ ದನಿಯಲ್ಲೇ.

ಟಾರ್ಚಮ್ಮನಿಗೆ ಖುಷಿಗೆ ಕಣ್ಣು ತುಂಬಿ ಬಂತು. ಲೋಟವನ್ನು ಪೂರ್ತಿ ಖಾಲಿ ಮಾಡಿ ಅವರ ಕೈಗೇ ಕೊಟ್ಟಳು. ಮಂಗಳ ಗ್ರಹದ ಕಥೆ ಇನ್ನೂ ಬಾಕಿಯಿತ್ತು.