ನಲವತ್ತಾರು ವಾಕ್ಯಗಳನ್ನು ಹಗ್ಗಕ್ಕೆ ನೇತುಹಾಕಿದ ಕ್ಲಿಪ್ಪಕ್ಕ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಕಾಲೇಜಿನ ಎರಡನೇ ಮಹಡಿಯಲ್ಲಿರುವ ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆದವರೇ ಲ್ಯಾಬ್ ಸಹಾಯಕಿ ಕಿಟಕಿಗಳನ್ನು ತೆರೆಯುತ್ತಾರೆ, ಸಾಲಾಗಿ ಮೂವತ್ತೆಂಟು ಕಂಪ್ಯೂಟರುಗಳ ಗುಂಡಿ ಒತ್ತುತ್ತಾ ಹೋಗುತ್ತಾರೆ. ಹನ್ನೊಂದನೆಯದು ಮಹಾ ಹಟಮಾರಿ. ನೆತ್ತಿಗೆ ಒಂದು ಏಟು ಬೀಳದೆ ಏಳುವುದಿಲ್ಲ. "ನಮ್ಮನೆಯೋರೂ ಹೀಗೇನೇ, ಆದ್ರೆ ಅವ್ರಿಗೆ ಹೊಡಿಯೋ ಹಾಗಿಲ್ಲ" ಎಂದು ನಗುತ್ತಾ ಅದಕ್ಕೊಂದು ಕೊಟ್ಟು ಮುಂದೆ ನಡೆಯುತ್ತಾರೆ.

ಲ್ಯಾಬಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, ಒಂದರ ಕೆಳಗೊಂದು, ಎರಡು ನೈಲಾನ್ ಹಗ್ಗ ಕಟ್ಟಿದೆ. ಮೇಲಿನ ಹಗ್ಗದಲ್ಲಿ ನಲವತ್ತಾರು ರಟ್ಟಿನ ಚೀಟಿ, ಕೆಳಗಿನದರಲ್ಲಿ ನಲವತ್ತಾರು ಹಾಳೆ. ಎಲ್ಲವೂ ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ತೂಗುತ್ತಿವೆ. ಈ ಕ್ಲಿಪ್ಪುಗಳಿಂದಾಗಿಯೇ ಇವರಿಗೆ ಇಡೀ ಕಾಲೇಜಿನಲ್ಲಿ ಕ್ಲಿಪ್ಪಕ್ಕ ಎಂದು ಹೆಸರು. ಕ್ಲಿಪ್ಪುಗಳ ನಿಜವಾದ ಒಡತಿ ಇವರ ಅತ್ತೆ. "ಮನೇಲಿ ಒಂದು ಟವಲ್ಲು ಒಣಹಾಕೋಕೂ ಕ್ಲಿಪ್ಪಿಲ್ಲ ಕಣಪ್ಪಾ. ಬಿಟ್ರೆ ನಮ್ಮ ಸೊಸೆ ಬಾಗಿಲ ಚಿಲಕಾನೂ ಕಾಲೇಜಿಗೆ ಹೊತ್ಕೊಂಡು ಹೋಗ್ತಾಳೆ" ಎಂದು, ಈ ಲೇಖನಕ್ಕಾಗಿ ಮನೆಗೆ ಹೋಗಿದ್ದಾಗ ಅವರು ನನ್ನ ಹತ್ತಿರ ದೂರಿದ್ದರು. ದೂರಿನ ದನಿಯಲ್ಲಿ ಹೆಮ್ಮೆಯೇ ಹೆಚ್ಚಿತ್ತು ಎಂಬುದು ನನ್ನ ಅನುಮಾನ.

ಇಲ್ಲಿ ನಡೆಯುವುದು ಒಂದು ವರ್ಷದ ಕಂಪ್ಯೂಟರ್ ಬುನಾದಿ ಕೋರ್ಸ್. ಓದು ಅರ್ಧಕ್ಕೆ ಬಿಟ್ಟವರು, ಹಗಲೆಲ್ಲ ದುಡಿಯುವವರು ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಬಂದು ಕಲಿಯುತ್ತಾರೆ. ಕೋರ್ಸ್ ಮುಗಿಸಿದರೆ ಪದವಿಗೆ ನೇರ ಪ್ರವೇಶ ಸಿಗಬೇಕು. ಆದರೆ ಅದು ರಾಷ್ಟ್ರೀಯ ಶೈಕ್ಷಣಿಕ ಮಾನದಂಡಕ್ಕೆ ಹೊಂದುತ್ತದೆ ಎಂದು ಪರಿಶೀಲಕರು ಒಪ್ಪಿದರೆ ಮಾತ್ರ. ಒಪ್ಪದಿದ್ದರೆ ಕಲಿತದ್ದು ತಲೆಯಲ್ಲಿ ಉಳಿಯುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಒಂದು ತಂಡದ ಮೂವತ್ತೆಂಟು ಜನ ಇನ್ನೊಂದು ಕಡೆ ಮತ್ತೆ ಮೊದಲಿನಿಂದ ಶುರುಮಾಡಬೇಕು.

ಮಾನದಂಡ ಎಂದರೆ ಬೇರೇನಲ್ಲ, ಈ ಕೋರ್ಸ್ ಮುಗಿಸಿದವರಿಗೆ ಇಷ್ಟಾದರೂ ಬರಲೇಬೇಕು ಎಂದು ಹೇಳುವ ನಲವತ್ತಾರು ವಾಕ್ಯಗಳು. ಕಾಲೇಜಿನ ಕೋರ್ಸನ್ನು ಅವುಗಳ ಜೊತೆ ಹೊಂದಿಸುವ ಕೆಲಸವನ್ನು ಹಿಂದಿನ ವರ್ಷ ಹಿರಿಯ ಮೇಷ್ಟ್ರಿಗೆ ವಹಿಸಿದ್ದರು. ಮೇಷ್ಟ್ರು ಬುದ್ಧಿವಂತರು. ಆ ನಲವತ್ತಾರು ವಾಕ್ಯಗಳನ್ನೇ ಎತ್ತಿ ನಲವತ್ತಾರು ಪಾಠಗಳ ತಲೆಬರಹ ಮಾಡಿ, ಇನ್ನೂರ ಹನ್ನೆರಡು ಪುಟದ ಕಡತ ಕಳಿಸಿಬಿಟ್ಟರು. ಒಂದು ಅಕ್ಷರವೂ ಆಚೀಚೆ ಇಲ್ಲ, ನೂರಕ್ಕೆ ನೂರು ಹೊಂದಾಣಿಕೆ! ಕಡತ ಹೋದಷ್ಟೇ ವೇಗದಲ್ಲಿ ಹಿಂತಿರುಗಿತು. ಮೇಲೆ ಹೀಗೆ ಬರೆದಿತ್ತು: "ಮಾನದಂಡ ಬರೆದವರು ನಾವೇ. ಅದನ್ನು ನಮಗೇ ಓದಿ ಹೇಳುವುದು ಬೇಡ. ನಿಮ್ಮ ವಿದ್ಯಾರ್ಥಿಗಳು ಏನು ಮಾಡುತ್ತಾರೆ, ಅದನ್ನು ತೋರಿಸಿ." ಕೊಟ್ಟ ಗಡುವು ಐದು ತಿಂಗಳು.

ಪ್ರಾಂಶುಪಾಲರು ಸಭೆ ಕರೆದು, ವಿದ್ಯಾರ್ಥಿಗಳು ನಿಜಕ್ಕೂ ಏನು ಮಾಡುತ್ತಾರೆಂದು ಯಾರಿಗೆ ಗೊತ್ತು ಎಂದು ಕೇಳಿದರು. ಆಗ ಕ್ಲಿಪ್ಪಕ್ಕ ಆ ಕೋಣೆಯಲ್ಲಿ ಮೇಜಿನ ಮೇಲೆ ಹತ್ತಿ ನಿಂತು ಪ್ರೊಜೆಕ್ಟರಿನ ತಂತಿ ಸರಿಮಾಡುತ್ತಿದ್ದರು. "ನಂಗೊತ್ತು ಸರ್" ಎಂದು ಮೇಲಿನಿಂದಲೇ ಹೇಳಿದರಂತೆ. "ಹನ್ನೊಂದು ವರ್ಷದ ಅಭ್ಯಾಸದ ಪುಸ್ತಕ ಎಲ್ಲಾ ಬೀರುವಿನಲ್ಲಿ ಇಟ್ಟಿದೀನಿ. ರದ್ದಿಗೆ ಹಾಕಿ ಅಂತ ನೀವು ನಾಲ್ಕು ಸಲ ಹೇಳಿದ್ರಿ. ನಂಗೆ ಮನಸ್ಸು ಬರ್ಲಿಲ್ಲ."

ಮನಸ್ಸು ಬರದಿರುವುದಕ್ಕೆ ಕಾರಣವಿದೆ. ಇಪ್ಪತ್ತನೇ ವಯಸ್ಸಿನಲ್ಲಿ ಅವರು ಬೇರೊಂದು ಕಡೆ ಇಂಥದ್ದೇ ಕೋರ್ಸ್ ಮಾಡಿದ್ದರು, ಒಳ್ಳೆಯ ಅಂಕವನ್ನೂ ತೆಗೆದಿದ್ದರು. ಪದವಿ ಕಾಲೇಜಿನ ಕೌಂಟರಿನಲ್ಲಿ ಗುಮಾಸ್ತರು ಪ್ರಮಾಣಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ನಡೆಯುವುದಿಲ್ಲ ಎಂದು ವಾಪಸು ತಳ್ಳಿದರು. ಒಂದು ವರ್ಷ ಮಣ್ಣುಪಾಲು. ಮತ್ತೆ ಮೊದಲಿನಿಂದ ಓದುವಷ್ಟು ತಾಳ್ಮೆ ಮನೆಯವರಿಗೂ ಇರಲಿಲ್ಲ, ಇವರಿಗೂ ಇರಲಿಲ್ಲ. "ಆ ಯಪ್ಪಂದು ತಪ್ಪಲ್ಲ ಬಿಡಿ. ನಾವು ಏನು ಕಲ್ತಿದೀವಿ ಅಂತ ಅವ್ರಿಗೆ ಗೊತ್ತಾಗೋ ಹಾಗೆ ಯಾರೂ ಬರ್ದೇ ಇರ್ಲಿಲ್ಲ" ಎನ್ನುತ್ತಾರೆ. ಸಿಟ್ಟಿಲ್ಲದೆ ಹೇಳುತ್ತಾರೆ. ಕೇಳಿದ ನನಗೇ ಸಿಟ್ಟು ಬಂತು.

ಅವರ ಕೆಲಸದ ರೀತಿ ಸರಳ. ಮೇಲಿನ ಹಗ್ಗದಲ್ಲಿ ಮಾನದಂಡದ ವಾಕ್ಯ. ಅದರ ನೇರ ಕೆಳಗೆ, ಆಗಿನ ತಂಡದ ವಿದ್ಯಾರ್ಥಿಯೊಬ್ಬರು ತಮ್ಮ ಕೈಯಾರೆ ಆ ಕೆಲಸ ಮಾಡಿ ತೋರಿಸಿದ ಹಾಳೆ. ಹಳೆಯ ಪುಸ್ತಕಗಳನ್ನು ನೋಡಿ ಯಾವ ಪಾಠದಲ್ಲಿ ಏನು ಸಿಗುತ್ತದೆ ಎಂದು ಗುರುತುಮಾಡಿಕೊಂಡು, ಹೊಸ ಹಾಳೆ ಹುಡುಕಿ ತೂಗುಹಾಕುತ್ತಾ ಹೋದರು. ಮೂವತ್ತೊಂಬತ್ತು ವಾಕ್ಯಗಳಿಗೆ ಜೋಡಿ ಸಿಕ್ಕಿತು. ಏಳರ ಕೆಳಗೆ ಬರೀ ಗಾಳಿ. ಹತ್ತಿರದ ಯಾವುದಾದರೂ ಹಾಳೆ ಸಿಕ್ಕಿಸಿಬಿಡಿ, ಯಾರು ಓದುತ್ತಾರೆ ಎಂದು ಮೇಷ್ಟ್ರು ಉಪಾಯ ಹೇಳಿದರು. "ಹಾಳೆ ಇಲ್ಲ ಅಂದ್ರೆ ಪಾಠ ಇಲ್ಲ ಅಂತಾನೇ ಅರ್ಥ ಸರ್. ಸಿಕ್ಕಿಸೋದಲ್ಲ, ಕಲಿಸೋಣ" ಎಂದು ಇವರು ಪಟ್ಟು ಹಿಡಿದರು. ಮೇಷ್ಟ್ರು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು ಮೂರನೇ ದಿನ ಸೀಮೆಸುಣ್ಣ ಹಿಡಿದು ಬಂದರು. ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅಲ್ಲಿಂದ.

ಆರು ಪಾಠಗಳು ಹೇಗೋ ದಾರಿಗೆ ಬಂದವು. ಏಳನೆಯದು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಇನ್ನೊಬ್ಬರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ, ಅವರಿಗೆ ಅರ್ಥವಾಗುವಂತೆ ಬರೆದು ತಿಳಿಸಬೇಕು ಎಂಬುದು ಆ ವಾಕ್ಯ. ಇಡೀ ತರಗತಿ ಪಕ್ಕದವರ ಕೆಲಸ ನೋಡಿ "ತುಂಬಾ ಚೆನ್ನಾಗಿದೆ" ಎಂದು ಬರೆದು ಕೊಟ್ಟಿತು. ಮೂವತ್ತೆಂಟು ಹಾಳೆಗಳಲ್ಲೂ ಅದೇ. ದಿನಾ ಮುಖ ನೋಡುವ ಗೆಳೆಯರ ತಪ್ಪು ಎತ್ತಿ ಆಡುವುದಾದರೂ ಹೇಗೆ?

ಕ್ಲಿಪ್ಪಕ್ಕ ಮೇಷ್ಟ್ರ ಹತ್ತಿರ ಹೋಗಿ, ನಿಮ್ಮದೇ ಒಂದು ಪ್ರೋಗ್ರಾಂ ಕೊಡಿ, ನಿಮ್ಮಿಂದಲೇ ಶುರುಮಾಡೋಣ ಎಂದರು. ಹುಟ್ಟಿದ ತಾರೀಖು ಕೊಟ್ಟರೆ ವಯಸ್ಸು ಹೇಳುವ ಪ್ರೋಗ್ರಾಂ ಒಂದನ್ನು ಮೇಷ್ಟ್ರು ಕೊಟ್ಟರು. ಆರು ವರ್ಷದಿಂದ ಪಾಠ ಮಾಡುತ್ತಿದ್ದದ್ದು, ತಪ್ಪೇ ಇಲ್ಲ ಎಂಬ ಧೈರ್ಯ ಅವರಿಗೆ. ಹತ್ತು ನಿಮಿಷವಾಗಿರಬಹುದು, ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಹೊಲಿಗೆ ಕೆಲಸ ಮಾಡುವ, ಎಲ್ಲರೂ ಟೈಲರಮ್ಮ ಎಂದು ಕರೆಯುವ ವಿದ್ಯಾರ್ಥಿನಿ.

"ಸರ್, ನಂಗೆ ಮೂವತ್ತಾರು. ನಿಮ್ಮ ಪ್ರೋಗ್ರಾಮು ಮೂವತ್ತೇಳು ಅಂತಿದೆ. ನಾನು ಒಪ್ಪಲ್ಲ. ನನ್ನ ಹುಟ್ಟಿದ ದಿನ ಬರೋಕೆ ಇನ್ನೂ ಮೂರು ತಿಂಗಳಿದೆ. ನಿಮ್ದು ಬರೀ ವರ್ಷ ಕಳೀತಿದೆ, ತಿಂಗಳು ನೋಡ್ತಾನೇ ಇಲ್ಲ."

ಮೊದಲು ನಕ್ಕವರು ಮೇಷ್ಟ್ರು. ಹೊಟ್ಟೆ ಹಿಡಿದುಕೊಂಡು ನಕ್ಕು, "ಅದನ್ನೇ ಬರೆದು ಕೊಡಮ್ಮಾ, ನಂಗೆ ಅರ್ಥ ಆಗೋ ಹಾಗೆ" ಎಂದರು. ಆ ಹಾಳೆ ಹಗ್ಗ ಏರಿತು. ಮರುವಾರದಿಂದ ತರಗತಿಗೆ ತಪ್ಪು ಹುಡುಕುವ ಹುಚ್ಚೇ ಹಿಡಿಯಿತು. ಟೈಲರಮ್ಮನ ಪ್ರೋಗ್ರಾಮಿನಲ್ಲೇ ಒಂಬತ್ತು ತಪ್ಪು ಸಿಕ್ಕಿದವು.

ಪರಿಶೀಲನೆಗೆ ಬಂದವರು ಇಬ್ಬರು. ಕಡತ ತೆಗೆಯುವ ಮೊದಲೇ ಅವರಲ್ಲೊಬ್ಬ ಹಿರಿಯ ಮಹಿಳೆ ಹಗ್ಗದ ಈ ತುದಿಯಿಂದ ಆ ತುದಿಗೆ ಓದುತ್ತಾ ನಡೆದರು. ಕೊನೆಗೆ ಒಂದು ಹಾಳೆಯನ್ನು ಕ್ಲಿಪ್ಪಿನಿಂದ ಬಿಡಿಸಿ, ಇದನ್ನು ಬರೆದವರು ಇದ್ದಾರೆಯೇ ಎಂದರು. ಅದು ಟೈಲರಮ್ಮನ ಹಾಳೆ. ಆಕೆ ಎದ್ದುನಿಂತು ತಿಂಗಳ ಕಥೆಯನ್ನೆಲ್ಲ ಸ್ವಲ್ಪವೂ ತಡವರಿಸದೆ ಹೇಳಿದರು. ನೀರಿನ ಲೋಟಗಳ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದ ಕ್ಲಿಪ್ಪಕ್ಕ ನೀರು ಕೊಡುವುದನ್ನೇ ಮರೆತರಂತೆ. ಹದಿನೇಳು ದಿನಕ್ಕೆ ಮಾನ್ಯತೆಯ ಪತ್ರ ಬಂತು. ಅದರಲ್ಲಿ "ಸಿದ್ಧಪಡಿಸಿದವರು: ಕೋರ್ಸ್ ಸಮಿತಿ" ಎಂದಿದೆ. ನಿಮ್ಮ ಹೆಸರಿಲ್ಲವಲ್ಲ ಎಂದೆ. "ಇರ್ಲಿ ಬಿಡಿ. ನಮ್ಮೋರ ಪ್ರಮಾಣಪತ್ರ ಅಲ್ಲಿ ಕೌಂಟರಿನಲ್ಲಿ ನಡಿಯುತ್ತಾ ಅಂತ ನೋಡ್ಬೇಕು, ಆಮೇಲೆ ಖುಷಿ" ಎಂದರು.

ಅದು ಗೊತ್ತಾಗುವುದು ಈ ದಿನವೇ. ಪದವಿ ಕಾಲೇಜಿನಲ್ಲಿ ಪ್ರವೇಶದ ಮೊದಲ ದಿನ. ಹೊಸ ತಂಡದ ತರಗತಿ ಮುಗಿದು ಹತ್ತೂವರೆಯಾದರೂ ಕ್ಲಿಪ್ಪಕ್ಕ ತಿಂಡಿಗೆ ಏಳುವುದಿಲ್ಲ. ಒರೆಸಿದ ಕೀಬೋರ್ಡನ್ನೇ ಮತ್ತೆ ಒರೆಸುತ್ತಾರೆ. ಹತ್ತು ಐವತ್ತಕ್ಕೆ ಫೋನ್ ಹೊಡೆದುಕೊಳ್ಳುತ್ತದೆ. ಟೈಲರಮ್ಮ. ಗಟ್ಟಿಯಾಗಿ ಕೇಳುವಂತೆ ಫೋನನ್ನು ಮೇಜಿನ ಮೇಲೆ ಇಡುತ್ತಾರೆ.

"ಅಕ್ಕಾ, ಆಯ್ತು! ಪ್ರಮಾಣಪತ್ರ ಕೊಟ್ಟೆ, ಸೀಲು ಹೊಡೆದ್ರು, ಮುಂದಿನ ಕಿಟಕಿಗೆ ಹೋಗಿ ಅಂದ್ರು."

"ಏನು ಕೇಳಿದ್ರು?"

"ಏನೂ ಕೇಳ್ಲಿಲ್ಲ."

"ತಿರುಗಿಸಿ ನೋಡಿದ್ರಾ?"

"ಇಲ್ಲಕ್ಕಾ. ತಲೆ ಎತ್ತಿ ನನ್ನ ಮುಖಾನೂ ನೋಡ್ಲಿಲ್ಲ."

ಕ್ಲಿಪ್ಪಕ್ಕ ಕುರ್ಚಿಯಲ್ಲಿ ಕೂರುತ್ತಾರೆ. ಕಣ್ಣು ತುಂಬಿದೆ, ಮುಖದ ತುಂಬಾ ನಗು.

"ಇನ್ನೊಂದ್ಸಲ ಹೇಳು" ಎನ್ನುತ್ತಾರೆ. "ಏನೂ ಕೇಳ್ಲೇ ಇಲ್ವಾ?"