ನಿಂಬೆವ್ವನ ಖಾಸಾ ಅಭಿಮಾನಿ
ಆಳಂದ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಭೂಸನೂರಿನ ಹಾಡುಗಾರ್ತಿ ನಿಂಬೆವ್ವನ ಮಾತೆದ್ದರೆ ಸಾಕು, ಕಲ್ಯಾಣಕುಮಾರ ಕಪ್ಪು ಕೆಳಗಿಟ್ಟು ಎಲ್ಲರನ್ನೂ ಅಯ್ಯೋ ಪಾಪ ಎಂಬಂತೆ ನೋಡುತ್ತಿದ್ದ. ಆಕೆಯೇ ಕಟ್ಟಿ ಹಾಡಿದ ಟ್ರ್ಯಾಕ್ಟರಿನ ಹಾಡಿಗೆ ಸುತ್ತಿನ ಹಳ್ಳಿಗಳೆಲ್ಲ ಕುಣಿದರೂ, "ಅದೂ ಒಂದ್ ಹಾಡೇನ್ರಿ? ಆಕಿ ತೊಟ್ಟಿಲ ಪದ ಕೇಳೀರೇನು?" ಎನ್ನುವವನು. ಯಾರೂ ಕೇಳಿಲ್ಲವೆಂದರೆ ಅವನಿಗೆ ಹೋಳಿಗೆ ಉಂಡಷ್ಟು ಖುಷಿ, ಯಾರಾದರೂ ಕೇಳಿದ್ದೇವೆಂದರೆ, "ನೀವು ಕೇಳಿದ್ದು ಮೊಬೈಲಿನಾಗ, ನಾ ಅಫಜಲಪುರದಾಗ, ಆಕಿ ಎದುರಿಗೇ ಕುಂತು" ಎಂದು ಬಾಯಿ ಮುಚ್ಚಿಸುವನು. ಹೆಂಡತಿ ಭಾಗ್ಯಾ ಟ್ರ್ಯಾಕ್ಟರಿನ ಹಾಡು ಗುನುಗಿದ ದಿನ ಊಟದ ಮೇಲೆ ಮುನಿಸು. ಹೋದ ತಿಂಗಳು ಅಂದೋಲಾದ ಕಾರ್ಯಕ್ರಮದಲ್ಲಿ ಜನ ಅದೇ ಹಾಡಿಗೆ ಕುಣಿಯುತ್ತಿದ್ದಾಗ, ಇವನು ಮುಂದಿನ ಸಾಲಿನಲ್ಲಿ ಎದ್ದು ನಿಂತು, "ತೊಟ್ಟಿಲ ಪದ ಹಾಡ್ರಿ ಅಕ್ಕಾ!" ಎಂದು ಬಿಡದೆ ಒದರಿದ. ನಿಂಬೆವ್ವ ಹಾಡು ನಿಲ್ಲಿಸಿ, ವೇದಿಕೆಯ ಅಂಚಿಗೆ ಬಂದು, ಮೈಕನ್ನು ಸೆರಗಿನಿಂದ ಮುಚ್ಚಿ, "ಅದು ನನ್ನ ಕೂಸು ಹೋದಾಗ ಕಟ್ಟಿದ್ದೋ ಯಪ್ಪಾ. ಇನ್ನೊಮ್ಮೆ ಹಾಡೂ ಶಕ್ತಿ ನನಗಿಲ್ಲ" ಎಂದಳು. ಕಲ್ಯಾಣಕುಮಾರ ಕೆಳಗೆ ಕುಳಿತ. ಮರುದಿನ ಚಹಾದಂಗಡಿಯಲ್ಲಿ ಗೆಳೆಯ ಸಂಜುಕುಮಾರ, "ಆ ತೊಟ್ಟಿಲ ಪದ ಹ್ಯಾಂಗದ, ಸ್ವಲ್ಪ ಹೇಳ್ರಿ" ಎಂದು ಕೆಣಕಿದಾಗ, "ಅದರಾಗೇನೂ ಇಲ್ರಿ. ಆಕಿ ಹಾಡಂದ್ರ ಟ್ರ್ಯಾಕ್ಟರಿಂದೇ ಹಾಡು" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ಅವರನ್ನು ನಗಲು ಬಿಟ್ಟು ಚಹಾ ಕುಡಿದ.