ಮೀಟಿಂಗಿನಲ್ಲಿ ಎದ್ದು ನಿಂತ ಹೆಡ್‌ಮೇಡಂ

ನಮ್ಮ ಹೆಡ್‌ಮೇಡಂ ಅವರ ತಾಳಿಸರದಲ್ಲಿ ಯಾವಾಗಲೂ ಒಂದಷ್ಟು ಪಿನ್ನುಗಳು ನೇತಾಡುತ್ತಿದ್ದವು. ನಡೆದರೆ ಒಂದಕ್ಕೊಂದು ತಾಕಿ ಕಿಣಿಕಿಣಿ ಅನ್ನುತ್ತಿದ್ದವು. ಯಾವ ಹುಡುಗಿಯ ಚೂಡಿದಾರದ ಹೊಲಿಗೆ ಬಿಟ್ಟರೂ, ಯಾರ ಚಪ್ಪಲಿಯ ಉಂಗುಷ್ಟ ಕಿತ್ತರೂ, ಕೊರಳಿಗೆ ಕೈಹಾಕಿ ಒಂದನ್ನು ಬಿಚ್ಚಿ ಕೊಡುತ್ತಿದ್ದರು. ವಾಪಸ್ ಕೊಟ್ಟವರು ಯಾರೂ ಇಲ್ಲ, ನಾನಂತೂ ಇಲ್ಲವೇ ಇಲ್ಲ. ವರಾಂಡದ ತುದಿಯಲ್ಲಿ ಆ ಸದ್ದು ಕೇಳಿದರೆ ಹತ್ತನೇ ಕ್ಲಾಸಿನ ನಾವು ಗಬಕ್ಕನೆ ಪುಸ್ತಕಕ್ಕೆ ಮುಖ ತೂರಿಸುತ್ತಿದ್ದೆವು.

ರಾಬರ್ಟ್‌ಸನ್‌ಪೇಟೆಯಿಂದ ಬಸ್ಸು ಬದಲಿಸಿಕೊಂಡು ಕಾಮಸಮುದ್ರದ ಕಡೆಯ ನಮ್ಮ ಸರ್ಕಾರಿ ಹೈಸ್ಕೂಲಿಗೆ ಬರುತ್ತಿದ್ದರು. ಅವರ ಮನೆಮಾತು ತಮಿಳು, ನಮ್ಮೂರಿನವರದು ಅರ್ಧ ತೆಲುಗು. ಅಕ್ಕರೆ ಬಂದರೆ ‘ಕಣ್ಣು’ ಅನ್ನುತ್ತಿದ್ದರು. ಸಿಟ್ಟು ಬಂದರೆ ಮಾತ್ರ ಅಚ್ಚುಕಟ್ಟಾದ ಪುಸ್ತಕದ ಕನ್ನಡ. ಅವರು ‘ಬರುವುದಿಲ್ಲ’, ‘ಮಾಡುವುದಿಲ್ಲ’ ಅಂತ ಪೂರ್ತಿ ಮಾತಾಡಿದರೆ ಇವತ್ತು ಯಾರಿಗೋ ಗ್ರಹಚಾರ ಅಂತ ತಿಳಿಯಬೇಕು.

ಪರೀಕ್ಷೆ ಹತ್ತಿರವಾದರೆ ಬೆಳಕು ಹರಿಯುವ ಮೊದಲೇ ಮನೆಮನೆಗೆ ಫೋನು. ಎತ್ತಿ ‘ಎದ್ದೆ ಮೇಡಂ’ ಅಂದರೆ ಸಾಲದು. ಮುಖ ತೊಳೆದು, ಪುಸ್ತಕ ತೆಗೆದು, ನಾವೇ ತಿರುಗಿ ಒಂದು ಮಿಸ್ಡ್ ಕಾಲ್ ಕೊಡಬೇಕು. ಕೊಡದಿದ್ದರೆ ಇನ್ನೊಮ್ಮೆ ಮಾಡುತ್ತಿದ್ದರು. ‘ಈಯಮ್ಮ ನಿದ್ದೆ ಮಾಡ್ತಾರೋ ಇಲ್ವೋ’ ಅಂತ ಅಮ್ಮ ಗೊಣಗುತ್ತಾ ಗಾರ್ಮೆಂಟ್ಸ್ ವ್ಯಾನಿಗೆ ಓಡುತ್ತಿದ್ದಳು.

ಇಷ್ಟೆಲ್ಲ ಪಾಡು ಯಾಕೆಂದರೆ, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ಬಂಗಾರಪೇಟೆಯಲ್ಲಿ ಒಂದು ಮೀಟಿಂಗು. ತಾಲ್ಲೂಕಿನ ಸ್ಕೂಲುಗಳನ್ನು ಪರ್ಸೆಂಟೇಜಿನ ಪ್ರಕಾರ ಮೇಲಿಂದ ಕೆಳಕ್ಕೆ ಓದುತ್ತಿದ್ದರು. ಮೇಲಿನವರಿಗೆ ಶಾಲು, ಹಾರ. ತಳದಲ್ಲಿರುವವರು ಎಲ್ಲರೆದುರು ಎದ್ದು ನಿಂತು ಕಾರಣ ಹೇಳಬೇಕು. ನಮ್ಮ ಹೆಡ್‌ಮೇಡಂ ಹಿಂದಿನ ವರ್ಷ ನಿಂತಿದ್ದರು. ಈ ವರ್ಷವೂ ನಿಂತರೆ ನೋಟಿಸು, ಅದೂ ರಿಟೈರ್ ಆಗುವ ಹೊತ್ತಿಗೆ. ಇದು ಮಕ್ಕಳಿಗೆಲ್ಲ ಗೊತ್ತಿತ್ತು, ಯಾಕೆಂದರೆ ಗಣಿತದ ಮೇಷ್ಟ್ರು ಕ್ಲಾಸಿನಲ್ಲಿ ದಿನಾ ಹೇಳುತ್ತಿದ್ದರು.

ಪ್ರಿಪರೇಟರಿಯಲ್ಲಿ ನನ್ನ ಗಣಿತ ಎಷ್ಟು ಬಂತೆಂದು ಹೇಳುವುದಿಲ್ಲ, ನಾಚಿಕೆ. ನನ್ನಂಥವರು ಇನ್ನೂ ನಾಲ್ಕೈದು ಜನ ಇದ್ದರು. ಒಬ್ಬೊಬ್ಬರನ್ನೇ ಮನೆಯವರ ಜೊತೆ ಆಫೀಸ್ ರೂಮಿಗೆ ಕರೆದರು. ನನ್ನ ಸರದಿ ಬಂದಾಗ ಅಮ್ಮ ಒಂದು ದಿನದ ಕೂಲಿ ಬಿಟ್ಟು ಬಂದು ಬಾಗಿಲ ಹತ್ತಿರ ನಿಂತಿದ್ದಳು.

ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರು ಸುತ್ತಿ ಬಳಸಿ ಮಾತಾಡುವವರಲ್ಲ. ‘ಮೇಡಂ, ಇವರೆಲ್ಲ ಪರೀಕ್ಷೆಗೆ ಕೂತರೆ ನಾವು ಮುಳುಗ್ತೀವಿ. ಹಾಜರಾತಿ ಸಾಲದು ಅಂತ ಹಾಕಿಬಿಡಿ. ಎಲ್ಲರೂ ಮಾಡೋದೇ. ಮುಂದಿನ ವರ್ಷ ಪ್ರೈವೇಟಾಗಿ ಕಟ್ಟಲಿ.’

ಅಮ್ಮ ತಲೆಯಾಡಿಸಿದಳು. ‘ಸರ್ಲೆ ಮೇಡಂ, ಮೇಷ್ಟ್ರು ಏಳೋದೂ ಸರೀನೇ. ಇವ್ಳ ತಲೇಗೆ ಅತ್ತಲ್ಲ. ನಮ್ ವ್ಯಾನಲ್ಲಿ ಒಂದು ಸೀಟದೆ, ನಾಳೆಯಿಂದ ನನ್ಜೊತೇಲೇ ಕರ್ಕೊಂಡೋಯ್ತೀನಿ.’

ಆ ವ್ಯಾನು ಹತ್ತಿದ ನಮ್ಮೂರ ಹುಡುಗಿಯರು ಯಾರೂ ತಿರುಗಿ ಸ್ಕೂಲಿಗೆ ಬಂದದ್ದಿಲ್ಲ. ಹೆಡ್‌ಮೇಡಂ ಕೊರಳ ಪಿನ್ನುಗಳನ್ನು ಸರಿಸುತ್ತಾ ಕೂತರು. ಮುಗೀತು ನನ್ನ ಕಥೆ, ಇವರೂ ಒಪ್ಪಿದರು ಅಂದುಕೊಂಡೆ.

ಆಮೇಲೆ ಪುಸ್ತಕದ ಕನ್ನಡ ಶುರುವಾಯಿತು.

‘ಈ ಹುಡುಗಿ ದಿನವೂ ಶಾಲೆಗೆ ಬಂದಿದ್ದಾಳೆ. ಬಂದವಳನ್ನು ಬಂದಿಲ್ಲವೆಂದು ನಾನು ಬರೆಯುವುದಿಲ್ಲ.’

‘ಮೀಟಿಂಗಲ್ಲಿ ನಿಲ್ಲೋರು ನೀವೇ ಮೇಡಂ,’ ಅಂದರು ಮೇಷ್ಟ್ರು.

‘ನಿಲ್ಲುತ್ತೇನೆ. ಕಾಲು ಗಟ್ಟಿಯಾಗಿವೆ.’

ಗಣಿತದ ಪರೀಕ್ಷೆಯ ದಿನ ಗೇಟಿನ ಹತ್ತಿರ ನನ್ನ ದುಪಟ್ಟಕ್ಕೆ ಪಿನ್ನು ಹಾಕಿ, ‘ಗೊತ್ತಿರೋದನ್ನ ಮೊದಲು ಬರಿ ಕಣ್ಣು, ಗೊತ್ತಿಲ್ಲದ್ದು ಎಲ್ಲಿಗೂ ಓಡಿಹೋಗಲ್ಲ’ ಅಂದರು. ಬರೆದೆ. ಗೊತ್ತಿರುವುದು ಬೇಗ ಮುಗಿದುಹೋಯಿತು. ಉಳಿದ ಹೊತ್ತೆಲ್ಲ ಪ್ರಶ್ನೆಪತ್ರಿಕೆ ತಿರುಗಿಸುತ್ತಾ ಕೂತಿದ್ದೆ.

ಫೇಲು. ನನ್ನ ಜೊತೆಯ ಇಬ್ಬರು ಹೇಗೋ ದಡ ಹತ್ತಿದರು, ನಾನು ಮುಳುಗಿದೆ. ಸ್ಕೂಲನ್ನೂ ಮುಳುಗಿಸಿದೆ. ಬೂದಿಕೋಟೆ ಕಡೆಯ ಸ್ಕೂಲು ನಮಗಿಂತ ಎಷ್ಟೋ ಮೇಲೆ ಅಂತ ಬಸ್‌ಸ್ಟ್ಯಾಂಡಿನಲ್ಲೂ ಮಾತು. ಯಾರಪ್ಪಾ ಇವರಿಗೆ ಬಂದು ವರದಿ ಕೊಟ್ಟವರು ಅಂತ ಮೈಯೆಲ್ಲ ಉರಿಯಿತು. ಅಮ್ಮ ಒಂದು ಮಾತೂ ಬೈಯಲಿಲ್ಲ, ಸೋಮವಾರದಿಂದ ವ್ಯಾನು ಅಂದಳು ಅಷ್ಟೇ.

ಮೀಟಿಂಗು ಶನಿವಾರ ಇತ್ತು. ಅವತ್ತು ಸಂಜೆ ಕಿಣಿಕಿಣಿ ಸದ್ದು ನಮ್ಮ ಬೀದಿಯಲ್ಲಿ ಕೇಳಿಸಿತು. ನಾನು ಒಲೆಯ ಹಿಂದೆ ಅಡಗಿಕೊಂಡೆ. ಬೈಯಲಿಕ್ಕೇ ಬಂದಿದ್ದಾರೆ, ಇನ್ನೇನು?

‘ನಿಂತೂ ನಿಂತೂ ಕಾಲು ಸೋತುಹೋಯ್ತಮ್ಮ, ಒಂದು ಲೋಟ ನೀರು ಕೊಡಿ,’ ಅಂದರು ಹೆಡ್‌ಮೇಡಂ. ಕುಡಿದು, ‘ಎಲ್ಲಿ ಆ ಮಹಾರಾಣಿ? ಸಪ್ಲಿಮೆಂಟರಿಗೆ ಕಟ್ಟಬೇಕು. ನಾಳೆಯಿಂದ ಬೆಳಿಗ್ಗೆ ನಾನು ಫೋನು ಮಾಡ್ತೀನಿ,’ ಅಂದರು.

ಅಮ್ಮ ಹೊಸಿಲಲ್ಲಿ ಕೂತು ಕೇಳಿದಳು, ‘ಇವ್ಳು ಅದ್ರಲ್ಲಿ ಪಾಸಾದ್ರೆ ನಿಮ್ಮ ಇಸ್ಕೂಲ್ ಲೆಕ್ಕಕ್ಕೆ ಸೇರ್ತದಾ ಮೇಡಂ?’

‘ಇಲ್ಲಮ್ಮ. ಸಪ್ಲಿಮೆಂಟರಿ ಪಾಸಾದೋರನ್ನ ಆ ಮೀಟಿಂಗಲ್ಲಿ ಯಾರೂ ಕೇಳಲ್ಲ.’

‘ಮತ್ತೆ ನಿಮ್ಗ್ಯಾಕೆ ಈ ಪಾಡು?’

ಅವರು ಲೋಟ ಕೆಳಗಿಟ್ಟು, ‘ಸೋಮವಾರ ಇವಳನ್ನ ವ್ಯಾನಿಗೆ ಹತ್ತಿಸಬೇಡಿ’ ಅಂದರು. ಅಮ್ಮ ಲೋಟ ಎತ್ತಿ ತೊಳೆದಿಟ್ಟಳು. ಕೊನೆಗೆ, ‘ಆಗ್ಲಿ, ಇದೊಂದು ಕಿತ’ ಅಂದಳು.

ಆ ಒಂದು ಕಿತದಲ್ಲಿ, ಆ ಒಂದೇ ಸಲಕ್ಕೆ, ಪಾಸಾದೆ. ಹೆಡ್‌ಮೇಡಂ ನೋಟಿಸಿಗೆ ಉತ್ತರ ಬರೆದು, ಮರುವರ್ಷ ಒಂದು ಹಾರ ಹಾಕಿಸಿಕೊಂಡು ರಿಟೈರ್ ಆದರು. ನಾನು ಪಿಯುಸಿ ಮುಗಿಸಿ ಬಸ್ಸಿನಲ್ಲಿ ಕಂಡಕ್ಟರ್ ಆದೆ. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಒಂದು ದಿನ ಹೆಡ್‌ಮೇಡಂ ಬಂಗಾರಪೇಟೆಯಲ್ಲಿ ನನ್ನ ಬಸ್ಸು ಹತ್ತಿದರು. ಟಿಕೆಟ್ಟಿನಲ್ಲಿ ಸೊನ್ನೆ ನೋಡಿ, ‘ಅಂತೂ ನನಗೇ ಸೊನ್ನೆ ಕೊಟ್ಟೆಯಲ್ಲೇ ಕಣ್ಣು’ ಅಂತ ಬಸ್ಸಿಗೆಲ್ಲ ಕೇಳುವಂತೆ ನಕ್ಕರು. ನಾನು ಡ್ಯೂಟಿಯಲ್ಲಿ ಅತ್ತದ್ದು ಅದೊಂದೇ ದಿನ.

ಮೊನ್ನೆ ಅವರು ಹೋದ ಸುದ್ದಿ ಬಂತು. ಡ್ಯೂಟಿ ಬದಲಿಸಿಕೊಂಡು, ಯೂನಿಫಾರಂನಲ್ಲೇ ರಾಬರ್ಟ್‌ಸನ್‌ಪೇಟೆಯ ಅವರ ಮನೆಗೆ ಹೋದೆ. ಮಲಗಿಸಿದ್ದರು. ಸರದಲ್ಲಿ ಎರಡು ಪಿನ್ನು ಹಾಗೇ ಇದ್ದವು.

ಹೊರಗೆ ಶಾಮಿಯಾನದ ಕೆಳಗೆ ಹಳೆಯ ಮೇಷ್ಟ್ರುಗಳು ಕುರ್ಚಿ ಹಾಕಿಕೊಂಡು ಕೂತಿದ್ದರು. ನಮ್ಮ ಗಣಿತದ ಮೇಷ್ಟ್ರೂ ಇದ್ದರು, ತಲೆ ಪೂರ್ತಿ ಬೆಳ್ಳಗಾಗಿತ್ತು. ಪಕ್ಕದವರಿಗೆ ಹೇಳುತ್ತಿದ್ದರು, ‘ಬಂಗಾರದಂಥ ಹೆಂಗಸು. ಆದರೆ ರಿಸಲ್ಟ್ ಒಂದು ಬರಲಿಲ್ಲ ನೋಡಿ ಅವರಿಗೆ.’

ನಾನು ಅವರ ಮುಂದೆ ಹೋಗಿ ನಿಂತೆ.

‘ನಾನು ಬಂದಿದ್ದೀನಲ್ಲ ಸಾರ್,’ ಅಂದೆ.